ಫಲಕದ ಮೊದಲ ಸಾಲು

"ಶಾಲೆಗೆ ಪ್ರಥಮ ಅಂತ ಭಾಗ್ಯಾನ ಹೆಸರು ಬರೀರಿ, 604," ಎಂದು ವಿಜಯಶ್ರೀ ಟೀಚರ್ ಆಳಂದದ ಪೇಂಟರ್ ಸಿದ್ದರಾಮೇಶನಿಗೆ ಹೇಳಿದಳು. ಭಾಗ್ಯಾ ಅವಳ ಮಗಳು. "ಅದರ ಕೆಳಗ, ಪರಿಶಿಷ್ಟ ಜಾತಿಯೊಳಗ ಪ್ರಥಮ, ಪಂಚಶೀಲಾ, 611."

ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಜಾತಿವಾರು ಕಾಲಂ ಇದ್ದೇ ಇದೆ, ಎರಡನೆಯ ಸಾಲು ಸುಳ್ಳಲ್ಲವಲ್ಲ ಎಂದುಕೊಂಡಳು. ಆ ಏಳು ಅಂಕ ಬೇಸಿಗೆ ರಜೆಯುದ್ದಕ್ಕೂ ಅವಳ ಹೊಟ್ಟೆಯಲ್ಲಿ ಉರಿದಿದ್ದವು.

ಬಿಸಿಯೂಟ ಬಡಿಸಿ ಬಂದ ಪಂಚಶೀಲಾಳ ತಾಯಿ ಮಲ್ಕಮ್ಮ ಆಗಷ್ಟೇ ಬರೆದು ಮುಗಿಸಿದ್ದ ಫಲಕದ ಮುಂದೆ ನಿಂತಳು. "ನನಗ ಅಕ್ಷರ ಬರಂಗಿಲ್ರಿ ಟೀಚರ. ದಿನಾ ಹಾಜರಿ ನೋಡಿ ಅಕ್ಕಿ ಹಾಕ್ತೇನಿ, ಅಂಕಿ ತಿಳೀತಾವ. ದೊಡ್ಡದು ಕೆಳಗ್ಯಾಕ ಬಂತ್ರಿ?"

"ಬಣ್ಣ ಇನ್ನಾ ಹಸಿ ಐತ್ರಿ," ಎಂದು ಸಿದ್ದರಾಮೇಶ ಒರೆಸುವ ಬಟ್ಟೆ ಚಾಚಿದ. ಉರಿ ಆರಿರಲಿಲ್ಲ. ಆದರೂ ವಿಜಯಶ್ರೀ ಅದನ್ನು ಇಸಿದುಕೊಂಡು ಮಗಳ ಹೆಸರನ್ನು ತಾನೇ ಒರೆಸಿದಳು.