ಸೂರ್ಯನಿಗೆ ಅಮ್ಮ

ಸೂರ್ಯನಿಗೆ ಸಿಡುಬು ಅಂಟಿಸಿದವನೂ ನಾನೇ, ಒಂದೇ ಬೆಳಗಿನಲ್ಲಿ ಇಳಿಸಿದವನೂ ನಾನೇ. ಹೊಳೆನರಸೀಪುರದಲ್ಲಿ ಈ ಮಾತನ್ನು ನಂಬದವರಿದ್ದರೆ ಅವರು ನಮ್ಮ ಮನೆಯ ಮದುವೆ ಊಟ ಉಂಡವರಲ್ಲ.

ನಲವತ್ತಾರನೆಯ ಇಸವಿಯ ಮಾಘ ಮಾಸ. ಮಾರನೆಯ ದಿನ ನಮ್ಮ ಮನೆಯಲ್ಲೇ ಅಕ್ಕನ ಮಗಳು ಪ್ರೇಮಕುಮಾರಿಯ ಧಾರೆ. ಬರ್ಮಾ ಯುದ್ಧವನ್ನು ಹೆಚ್ಚುಕಡಿಮೆ ನಾನೊಬ್ಬನೇ ಗೆದ್ದು ತಂದಿದ್ದ ದುರ್ಬೀನನ್ನು ನಡುಮನೆಯ ಕಿಟಕಿಯ ಕಂಬಿಗೆ ಕಟ್ಟಿ, ಎದುರಿನ ಜೇಡಿಮಣ್ಣಿನ ಗೋಡೆಯ ಮೇಲೆ ಸೂರ್ಯನನ್ನು ಇಳಿಸಿದ್ದೆ. ತಟ್ಟೆಯಗಲದ ಬೆಳಕು. ಅದರೊಳಗೆ ಒಂದು ಕರಿಯ ಕಲೆ, ಸುತ್ತ ಬಿಳಿಯ ಚುಕ್ಕೆಗಳು.

“ಸೂರ್ಯನೊಳಗೆ ಸೂಜಿಗಲ್ಲಿನ ಸುಳಿ ಐತೆ ಕಣವ್ವ. ಸುಳಿ ದೊಡ್ಡದಾದ ಕಡೆ ಕಪ್ಪು, ಸಣ್ಣದಿದ್ದ ಕಡೆ ಕಿಡಿ ಮಿಂಚ್ತದೆ. ನಮ್ಮ ಕ್ಯಾಪ್ಟನ್ ಸಾಹೇಬ ನನ್ ಕೇಳೇ ಕಲ್ತಿದ್ದು” ಎಂದೆ.

ಅವ್ವ ದೊಡ್ಡತಾಯಮ್ಮ ಗೋಡೆಯ ಹತ್ತಿರ ಹೋಗಿ ನೋಡಿದವಳೇ ಕೆನ್ನೆ ಬಡಿದುಕೊಂಡಳು. “ಸೂಜಿಗಲ್ಲೂ ಅಲ್ಲ, ನಿನ್ ತಲೇನೂ ಅಲ್ಲ ಕಣ್ಲಾ! ಸೂರಪ್ಪಂಗೆ ಅಮ್ಮ ಬಂದವ್ಳೆ. ಕರೀದು ಒಣಗಿರೋ ಗುಳ್ಳೆ, ಬೆಳ್ಳಗಿರೋದು ಕೀವು. ಸಾಕ್ಸಿ ನಿಲ್ಲೋ ದೇವ್ರೇ ಮಲಗವ್ನೆ, ಧಾರೆ ಎಂಗ್ಲಾ ಎರೆಯೋದು?” ಅಷ್ಟೇ. ಬಾಗಿಲಿನ ಮಾವಿನ ತೋರಣ ಕಿತ್ತು ಬೇವು ಕಟ್ಟಿದಳು. ಅಡಿಗೆಯವರ ಒಗ್ಗರಣೆ ನಿಲ್ಲಿಸಿದಳು. ವಾಲಗದವರನ್ನು ವಾಪಸು ಅಟ್ಟಿದಳು.

ಮೈಯ ಅರಿಸಿನವನ್ನೂ ತೊಳೆಯದೆ ಪ್ರೇಮಕುಮಾರಿ ನುಗ್ಗಿ ಬಂದಳು. “ಯುದ್ಧ ಅಂತ ಒಂದ್ಸಲ ನಿಲ್ಸುದ್ರಿ. ರೇಷನ್ ಅಕ್ಕಿ ಸಾಲ್ದು ಅಂತ ಒಂದ್ಸಲ ನಿಲ್ಸುದ್ರಿ. ಈಗ ಸೂರ್ಯಂಗೆ ಉಸಾರಿಲ್ಲ ಅಂತಾನಾ? ಅವನೇನು ನನ್ ಮೈದುನನಾ? ಕಾಯ್ಲೆ ಬಿದ್ದೋನು ಒತ್ತಿಗ್ಮುಂಚೆ ಎದ್ದು ಬಂದವ್ನೆ, ನೋಡಜ್ಜಿ! ಎಲ್ಲಿ ಗುಳ್ಳೆ? ತೋರ್ಸು ಮಾವ!”

ಇಂಥ ಅವಮಾನವನ್ನು ಜಪಾನಿನವರೂ ನನಗೆ ಮಾಡಿರಲಿಲ್ಲ. ದುರ್ಬೀನನ್ನು ಸರಿಮಾಡಿ ತೋರಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು, ಕದಲಲಿಲ್ಲ. ಹೊರಗೆ ಸೂರ್ಯ ಏರುತ್ತಿದ್ದ; ಗೋಡೆಯ ಮೇಲಿನ ಬಿಂಬ ಮೆಲ್ಲಗೆ ಜಾರಿತು. ಕರಿಯ ಕಲೆ ಅದರ ಜೊತೆಯಲ್ಲೇ ಹೊರಟಿತು. ಬಿಳಿಯ ಚುಕ್ಕೆಗಳು ಮಾತ್ರ ಗೋಡೆಯಲ್ಲೇ ಉಳಿದುಬಿಟ್ಟವು.

ಪ್ರೇಮಕುಮಾರಿ ಒಂದು ಚುಕ್ಕೆಯನ್ನು ಉಗುರಿನಿಂದ ಕೆರೆದಳು, ಮೂಸಿದಳು. ನನ್ನ ಜೇಬಿಗೆ ಕೈ ಹಾಕಿ ಸುಣ್ಣದ ಡಬ್ಬಿ ತೆಗೆದು ಅವ್ವನ ಮುಂದೆ ಹಿಡಿದಳು. “ತಗೋ ಅಜ್ಜಿ, ಸೂರ್ಯನ ಕೀವು. ಎಲೆಗೆ ಅಚ್ಕೋ.”

“ಕಿಡಿ ಇರ್ತವೆ ಅಂತ ಕ್ಯಾಪ್ಟನ್ನೇ ಏಳಿದ್ದು ಕಣವ್ವ” ಎಂದೆ. “ಎಷ್ಟು ನೋಡುದ್ರೂ ನಂಗೆ ಕಾಣ್ನಿಲ್ಲ. ಬರೀ ಒಂದು ಕರೀ ಚುಕ್ಕೆ ತೋರ್ಸುದ್ರೆ ಏನ್ ಚೆಂದ ಅಂತ...”

“ಒಂದೇನಾ?” ಅವ್ವನ ಮುಖ ಅರಳಿತು. “ಅಂಗಾದ್ರೆ ಅದು ಅಮ್ಮ ಅಲ್ಲ ಕಣ್ಲಾ, ದಿಷ್ಟಿಬೊಟ್ಟು! ಕರೀರಿ ವಾಲಗದೋರ್ನ!” ಬೇವು ಕಿತ್ತು ಬಿಸಾಡಿ, ಬಾಗಿಲಲ್ಲೇ ತಿರುಗಿ ನಿಂತಳು. “ಅಲ್ಲ, ಅಷ್ಟೆತ್ತರ್ದಲ್ಲಿ ಬೊಟ್ಟಿಟ್ಟೋರು ಯಾರ್ಲಾ?”

ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಪ್ರೇಮಕುಮಾರಿ ಸುಣ್ಣದ ಡಬ್ಬಿಯ ಮುಚ್ಚಳವನ್ನು ಟಕ್ಕೆಂದು ಮುಚ್ಚಿದಳು.

“ನಾನಲ್ಲವ್ವ” ಎಂದೆ.