ಹೊಳೆಗೆ ಹೋದ ಮೀನು

“ಹೊಳೇಲಿ ಹಿಡಿದ ಮೂವತ್ತು ಮೀನಲ್ಲಿ ಇಪ್ಪತ್ತೆಂಟಕ್ಕೆ ಸಾಕುಮೀನಿನ ತಳಿ ಬೆರೆತಿದೆ, ಅಣ್ಣಾ. ನಮ್ಮ ಹೊಳೇದು ಅಂತ ಉಳಿದಿರೋದು ಎರಡೇ,” ಎಂದು ತಂಗಿ ತನ್ನ ಸಂಶೋಧನೆಯ ವರದಿಯನ್ನು ಊಟದ ಮೇಜಿನ ಮೇಲಿಟ್ಟಳು. ಹೊಳೆಯಲ್ಲೇ ಬಲೆ ಕಟ್ಟಿ ಮೀನು ಸಾಕುವ ಕೇಂದ್ರದಲ್ಲಿ ಬಲೆ ಕಾಯುವ ಅಣ್ಣ, ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಮತ್ತೆ ತಟ್ಟೆಗೇ ಹಾಕಿದ.

“ನೀನು ಕಾಲೇಜಿಗೆ ಸೇರಿದ ವರ್ಷ ಒಂದು ಬಲೆ ಹರಿದಿತ್ತು. ಸಾವಿರಾರು ಮೀನು ಹೊಳೆಗೆ ಹೋದ್ವು. ನನ್ನ ಕೆಲಸ ಹೋದ್ರೆ ನಿನ್ನ ಓದು ನಿಲ್ಲುತ್ತೆ ಅಂತ ಬಲೆ ಹೊಲಿದು ಬಾಯಿ ಮುಚ್ಕೊಂಡೆ.”

ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ತಂಗಿಯಲ್ಲಿ ಉಳಿದಿರಲಿಲ್ಲ. “ಎಲ್ಲಿಂದ ತಪ್ಪಿಸಿಕೊಂಡ್ವು ಅಂತ ಏಳು ವರ್ಷ ಹುಡುಕಿದೆ. ನೀನು ದಿನಾ ಎದುರಿಗೇ ಕೂತು ಊಟ ಮಾಡ್ತಿದ್ದೆ.”

ಅಣ್ಣ ಕೈ ತೊಳೆದು ಬಂದು, ವರದಿಯಲ್ಲಿ ‘ಕಾರಣ’ ಎಂಬುದರ ಮುಂದಿನ ಖಾಲಿ ಜಾಗದ ಮೇಲೆ ಬೆರಳಿಟ್ಟ. “ಬರಿ. ನನ್ನ ಹೆಸರು ಸೇರಿಸೇ ಬರಿ.” ಅವಳಿಗೆ ಕೈ ಏಳಲಿಲ್ಲ. ಕೊನೆಗೆ ಅವನೇ ಪೆನ್ನು ತೆಗೆದುಕೊಂಡು, ಅಂಕುಡೊಂಕು ಅಕ್ಷರಗಳಲ್ಲಿ ಬರೆಯತೊಡಗಿದ.