ನೊರೆಯೆದ್ದ ನೀರಾ

ಮುಚ್ಚಳ ತೆಗೆದಳೋ ಇಲ್ಲವೋ, ನೊರೆ ಉಕ್ಕಿ ಈರಮ್ಮನ ಮೊಣಕೈವರೆಗೆ ಹರಿಯಿತು. ಹಳದೀಪುರದ ಬಸ್ ನಿಲ್ದಾಣದ ಪಕ್ಕದ ನೀರಾ ಅಂಗಡಿ. ಬೆಳಗಿನ ಎಂಟು ಗಂಟೆ. ಲೋಟ ಹಿಡಿದು ನಿಂತಿದ್ದವರಲ್ಲಿ ಒಬ್ಬ ಮೂಸಿ ನೋಡಿ ಖುಷಿಯಿಂದ ನಕ್ಕ. ಆ ನಗು ಕಂಡದ್ದೇ ಅವಳು ಮುಚ್ಚಳ ಒತ್ತಿ ಮುಚ್ಚಿದಳು.

ಪಾನನಿರೋಧದ ಕಾಲ ಅದು. ತೆಂಗಿನ ಮರದಿಂದ ಇಳಿಸಿದ ಸಿಹಿ ನೀರಾ ಮಾರಬಹುದು. ಹುಳಿದು ನೊರೆ ಬಂದರೆ ಅದು ಕಳ್ಳು, ಮಾರಿದವನು ಅಪರಾಧಿ. ಪರವಾನಗಿ ಅವಳ ಗಂಡ ತಿಮ್ಮನ ಹೆಸರಿನಲ್ಲಿತ್ತು. ನೀರಾ ತಪಾಸಣೆಯ ಮೇಲ್ವಿಚಾರಕ ಕೃಷ್ಣಾನಂದರು ಎರಡು ಸಲ ಎಚ್ಚರಿಕೆ ಬರೆದುಕೊಟ್ಟಾಗಿತ್ತು. ಮೂರನೆಯ ಸಲಕ್ಕೆ ರದ್ದು.

ರದ್ದಾದರೆ ಗತಿಯೇನು? ತಿಮ್ಮನಿಗೆ ಅರವತ್ತು ದಾಟಿತ್ತು, ಮಂಡಿ ಸೋತಿತ್ತು, ಹೇಗೋ ಮರ ಹತ್ತುತ್ತಿದ್ದ. ಹಿರಿಯ ಮಗ ಪಾಂಡು ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದ. ಅಂದಿನಿಂದ ತೋಟದ ಮೂಲೆಯ ಒಂದು ಮರಕ್ಕೆ ಮಡಕೆ ಕಟ್ಟುತ್ತಿರಲಿಲ್ಲ. ಏಕೆಂದು ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬರುವ ತಿಂಗಳಿಂದ ಕಿರಿಯ ಮಗ ಸೋಮ ಮರ ಹತ್ತುವವನಿದ್ದ. ಪರವಾನಗಿ ಅವನ ಹೆಸರಿಗೆ ಆಗಬೇಕಿತ್ತು. ಅಷ್ಟರಲ್ಲಿ ಈ ಹಾಳು ನೊರೆ.

ಈರಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಕ್ಯಾನಿನಲ್ಲಿ ಹಳೆಯ ಹುಳಿ ಕೂತಿರಬೇಕೆಂದು ಬೂದಿ ಹಾಕಿ ಉಜ್ಜಿ, ಕುದಿಯುವ ನೀರು ಹೊಯ್ದಳು. ನೊರೆ ಬಂತು. ಸೋಸುವ ಬಟ್ಟೆ ಬದಲಿಸಿದಳು. ಬಂತು. ಒದ್ದೆ ಗೋಣಿ ಸುತ್ತಿ ಕ್ಯಾನನ್ನು ನೆರಳಿಗಿಟ್ಟಳು. ಮತ್ತೂ ಬಂತು. ಉಜ್ಜಿ ಉಜ್ಜಿ ಅವಳ ರಟ್ಟೆ ಬಿದ್ದುಹೋಗಿತ್ತು.

ಉಳಿದದ್ದು ಸುಣ್ಣ. ಮಡಕೆಯ ಒಳಮೈಗೆ ಸುಣ್ಣ ಬಳಿದು ಕಟ್ಟಿದರೆ ನೀರಾ ಹುಳಿಯುವುದಿಲ್ಲ. ಆದರೆ ಅದು ತಿಮ್ಮನ ಕೆಲಸ, ನಲವತ್ತು ವರ್ಷ ಮಡಕೆ ಕಟ್ಟಿದ ಕೈ. ಹಿತ್ತಲಲ್ಲಿ ಕೂತು ಅವನು ಒಂದೊಂದೇ ಮಡಕೆಗೆ ಬಳಿಯುವುದನ್ನು ಅವಳು ದಿನಾ ನೋಡುತ್ತಿದ್ದಳು.

“ಸುಣ್ಣ ತೆಳು ಆತೇನೋ,” ಎಂದಳು ಒಮ್ಮೆ.

“ಕಾಣೂದಿಲ್ವ? ಹಾಲಿನಂಗೆ ಬೆಳ್ಳಗದೆ,” ಎಂದ ತಿಮ್ಮ, ತಲೆ ಎತ್ತದೆ.

ಹಾಗಾದರೆ ಏನೋ ಬೆರೆಸುತ್ತಿರುವವನು ಚೌಡನೇ. ಪಕ್ಕದ ತೋಟದ ಚೌಡನೂ ನೀರಾ ಇಳಿಸುತ್ತಿದ್ದ. ಅವನ ಕ್ಯಾನಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಈರಮ್ಮ ಎರಡು ದಿನ ಬೇಲಿಯ ಹತ್ತಿರ ಕಾದಳು. ಚೌಡ ಇತ್ತ ತಲೆ ಹಾಕಲಿಲ್ಲ. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಡಬ್ಬಿಯ ಅಕ್ಕಿಹಿಟ್ಟು ಬೇಗ ಬೇಗ ಖಾಲಿಯಾಗುತ್ತಿದ್ದದ್ದಕ್ಕೂ ಅವನನ್ನೇ ಬೈದಳು. ಇಲಿಗಳು ಪಾರಾದವು.

ಸೋಮವಾರ ಕೃಷ್ಣಾನಂದರು ಬಂದರು. ಬೈಸಿಕಲ್ ತುಳಿದು ಬೆವೆತು ಬಳಲಿದ್ದರು, ಈ ಮನೆಯ ಮೇಲೆ ಬರೆಯಲು ಅವರಿಗೂ ಮನಸ್ಸಿರಲಿಲ್ಲ. ಕ್ಯಾನಿನ ನೊರೆ ನೋಡಿದರು. ಒಂದು ತೊಟ್ಟು ನಾಲಿಗೆಗಿಟ್ಟು ಮುಖ ಹುಳ್ಳಗೆ ಮಾಡಿದರು. ಕೊನೆಯ ಆಸೆಯಿಂದ ಹಿತ್ತಲಿಗೆ ಹೋಗಿ, ಆ ಸಂಜೆಗೆಂದು ಬಳಿದಿಟ್ಟಿದ್ದ ಮಡಕೆಯೊಂದಕ್ಕೆ ಕೈ ಹಾಕಿದರು.

“ಮುಟ್ಬೇಡಿ ಒಡೆಯಾ, ಕೈ ಸುಡ್ತದೆ,” ಎಂದ ತಿಮ್ಮ.

ಅವರು ಕೈ ತೆಗೆದರು. “ಸುಣ್ಣ ಸರಿಯಾಗೇ ಅದೆ. ಮತ್ತೆಂತಕ್ಕೆ ಹುಳೀತದೋ ನಂಗೆ ತಿಳೀಲಿಲ್ಲ ಮಾರಾಯ. ಆದರೆ ಬರೀದೆ ಇರೂಕೆ ಬರೂದಿಲ್ಲ.”

“ರದ್ದಾದ್ರೆ ಮಗನ ಹೆಸರಿಗೂ ಆಗೂದಿಲ್ವ?”

“ಇಲ್ಲ. ಈ ಮನೆಯವರಿಗೆ ಇನ್ನು ಸಿಗೂದಿಲ್ಲ.”

“ಯಾವತ್ತೂ?”

“ಯಾವತ್ತೂ ಇಲ್ಲ ತಿಮ್ಮಾ.”

ಮುದುಕ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕೃಷ್ಣಾನಂದರು ಮುಖ ತಿರುಗಿಸಿ ಚೀಟಿ ತೆಗೆದರು. ಬರೆದುಕೊಟ್ಟು, ಹಿಂದಿರುಗಿ ನೋಡದೆ ಹೊರಟರು.

ಗುರುವಾರ ಬೆಳಿಗ್ಗೆ ಸೋಮ ಕುಮಟೆಯ ಅಕ್ಕಿ ಗಿರಣಿಗೆ ಮೂಟೆ ಹೊರಲು ಹೊರಟ. “ಮರ ಹತ್ತೂಕೆ ಬಿಡೂದಿಲ್ಲ ಅಂದ್ರೆ ಮತ್ತೆಂತ ಮಾಡೂದು,” ಎಂದು ಮುಖ ಗಂಟಿಕ್ಕಿಕೊಂಡೇ ಬಸ್ಸು ಹತ್ತಿದ. ಬಸ್ಸು ತಿರುವು ದಾಟುವವರೆಗೂ ತಿಮ್ಮ ರಸ್ತೆಯಲ್ಲಿ ನಿಂತಿದ್ದ. ಆಮೇಲೆ ಮನೆಗೆ ಬಂದು, ಜಗಲಿಯ ಮೇಲೆ ಕಣ್ಣು ಮುಚ್ಚಿ ಮಲಗಿದ.

ಈರಮ್ಮನಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ಎಲೆ ಅಡಿಕೆಯಾದರೂ ಹಾಕೋಣವೆಂದು ಕೂತಳು. ಸುಣ್ಣ ಮುಗಿದಿತ್ತು. ಹಿತ್ತಲಿಗೆ ಹೋಗಿ, ಮರ ಹತ್ತದೆ ಉಳಿದ ಮಡಕೆಯಿಂದ ಬೆರಳಿನಷ್ಟು ಕೆರೆದು ಎಲೆಗೆ ಸವರಿ ಬಾಯಿಗಿಟ್ಟಳು. ಅಗಿದಳು. ನಾಲಿಗೆ ಚುರುಕ್ಕೆನ್ನಲಿಲ್ಲ. ಎಷ್ಟು ಅಗಿದರೂ ಬಾಯಿ ಕೆಂಪಾಗಲಿಲ್ಲ. ಅಂಗೈಗೆ ಉಗಿದು ನೋಡಿದಳು. ಹಸಿರು ಎಲೆಯ ಚೂರುಗಳ ನಡುವೆ ಅಂಟಂಟಾದ ಅಕ್ಕಿಹಿಟ್ಟು.

ಅವಳು ಅದೇ ಅಂಗೈ ಚಾಚಿಕೊಂಡು ಜಗಲಿಗೆ ಬಂದು ನಿಂತಳು.

“ಸೋಮಂಗೆ ಹೇಳ್ಬೇಡ,” ಎಂದ ತಿಮ್ಮ, ಕಣ್ಣು ತೆರೆಯದೆ. “ಅಂವ ಒಬ್ಬನಾದ್ರೂ ನೆಲದ ಮೇಲಿರ್ಲಿ.”